ಸಾಂಗ್ಲಿ ಮುಳುಗೋದು ಆಲಮಟ್ಟಿಯಿಂದೇನ್ರಿ?

ಪ್ರಶ್ನೆ: ಸರ್, ನಾನು ಪಿಂಪ್ರಿ-ಚಿಂಚವಡದಾಗ ಇರೋನು. ಊರು ಜಮಖಂಡಿ ತಾಲೂಕಿನ ಹೊಳಿದಂಡಿ, ಅಣ್ಣ ಅಲ್ಲೇ ಒಕ್ಕಲುತನ ಮಾಡ್ತಾನ. ಮಳಿಗಾಲ ಬಂತಂದ್ರ ನಮ್ಮ ಕಂಪನಿಯ ಸಾಂಗ್ಲಿ-ಕೊಲ್ಹಾಪುರದ ಗೆಳೆಯರು "ನಿಮ್ಮ ಆಲಮಟ್ಟಿ ನಮ್ಮನ್ನ ಮುಳುಗಸ್ತದ" ಅಂತ ಶುರು ಮಾಡ್ತಾರ, 524 ಮೀಟರಿಗೆ ಎತ್ತರಿಸಿದ್ರ ಸಾಂಗ್ಲಿ ಪೂರ್ತಿ ಹೋಗ್ತದ ಅಂತಾರ. ಇದರಾಗ ಎಷ್ಟು ಖರೆ? ಅವರೇ ತಮ್ಮ ಕೊಯ್ನಾ ಡ್ಯಾಮಿನಾಗ ನೀರು ಹಿಡ್ಕೊಂಡು ಕೂಡಬಾರದೇನು? ಜಗಳ ಮಾಡಾಕಲ್ಲ, ತಿಳ್ಕೊಳ್ಳಾಕ ಕೇಳಾಕತ್ತೀನಿ.

ಉತ್ತರ: ನೇರ ಹೇಳ್ತೀನಿ. ಈಗಿರೋ 519.6 ಮೀಟರಿನ ಆಲಮಟ್ಟಿಯಿಂದ ಸಾಂಗ್ಲಿ ಮುಳುಗೂದಿಲ್ಲ. ಕನ್ನಡದವ ಅಂತ ಹೇಳೋ ಮಾತಲ್ಲ ಇದು, ನಾನು ಪುಣೆಗೆ ಬಂದು ನದಿ ಹೈಡ್ರಾಲಿಕ್ಸ್ ಕೆಲಸದಾಗೇ ತಲಿ ಬೆಳ್ಳಗ ಮಾಡ್ಕೊಂಡವ, ಜೊತಿಗೆ ಕೆಲಸ ಮಾಡಿದವ್ರು ಮುಕ್ಕಾಲು ಪಾಲು ಮರಾಠಿಗರು, ಒಳಗ ಕೂತು ಚಾ ಕುಡಿಯೋವಾಗ ಅವರೂ ಇದನ್ನೇ ಹೇಳ್ತಾರ, ಹೊರಗ ಹೇಳೂದಿಲ್ಲ ಅಷ್ಟ. 524ರದ್ದು ಬ್ಯಾರೆ ಪ್ರಶ್ನೆ, ಅದಕ್ಕ ಆಮೇಲೆ ಬರ್ತೀನಿ, ಆದ್ರ ಅಲ್ಲಿ ಮೊದಲು ಚಿಂತಿ ಮಾಡಬೇಕಾದವ್ರು ಸಾಂಗ್ಲಿಯವ್ರಲ್ಲ, ನಿಮ್ಮ ಅಣ್ಣ.

ಮೊದಲು ಅಳತಿ ಸರಿ ಮಾಡ್ಕೊಳ್ಳೋಣ, ಯಾಕಂದ್ರ ಟಿವಿಯವ್ರು ಟಿಎಂಸಿ, ಕ್ಯೂಸೆಕ್ ಎರಡನ್ನೂ ಕಲಸಿ ಬಿಡ್ತಾರ. ಟಿಎಂಸಿ ನಿಂತ ನೀರಿನ ಲೆಕ್ಕ, 100 ಕೋಟಿ ಘನ ಅಡಿ. ಕ್ಯೂಸೆಕ್ ಹರಿಯೋ ನೀರಿನ ಲೆಕ್ಕ, ಸೆಕೆಂಡಿಗೆ ಒಂದು ಘನ ಅಡಿ. 1 ಲಕ್ಷ ಕ್ಯೂಸೆಕ್ ಒಂದು ಪೂರ್ತಿ ದಿನ ಹರಿದ್ರ 8.64 ಟಿಎಂಸಿ ಆಗ್ತದ. ಈ ಒಂದು ನಂಬರ್ ತಲ್ಯಾಗ ಇಟ್ಕೊಂಡ್ರ ಅರ್ಧ ವಾದ ತಾನೇ ಬಗಿಹರೀತದ.

ಪುಣೆದಾಗೇ ಇದ್ದೀರಿ, ಇಲ್ಲಿಂದನ ನೋಡೋಣ. ಡೆಕ್ಕನ್ ಹತ್ರ ಭಿಡೆ ಪೂಲ್ (ಸೇತುವೆ) ಮುಳುಗಿತು ಅಂದ್ರ ಮಂದಿ ಝೆಡ್ ಬ್ರಿಜ್ ಮ್ಯಾಲ ನಿಂತು ಮೊಬೈಲ್ ತಗೀತಾರಲ್ಲ, ಅದು ಖಡಕವಾಸಲಾದಿಂದ ಬಿಟ್ಟ ನೀರು. 2024ರ ಜುಲೈ 25ಕ್ಕ ಅಲ್ಲಿಂದ ಸುಮಾರು 35 ಸಾವಿರ ಕ್ಯೂಸೆಕ್ ಬಿಟ್ರು, ಸಿಂಹಗಡ ರೋಡಿನ ಏಕತಾ ನಗರಿದಾಗ ಪಾರ್ಕಿಂಗ್ ಅಷ್ಟ ಅಲ್ಲ, ಕೆಳಗಿನ ಮನಿಗಳಿಗೂ ನೀರು ಹೊಕ್ಕಿತು. ಆಗ ಎಲ್ಲಾರೂ ಕೇಳಿದ್ದು, ಡ್ಯಾಮಿನಾಗ ಯಾಕ ಹಿಡ್ಕೊಳ್ಳಲಿಲ್ಲ ಅಂತ. ಹಿಡ್ಯಾಕ ಜಾಗ ಎಲ್ಲದ? ಖಡಕವಾಸಲಾದಾಗ ಹಿಡಿಯೋದು ಹೆಚ್ಚುಕಮ್ಮಿ 2 ಟಿಎಂಸಿ, ಮ್ಯಾಲಿನ ಪಾನಶೇತ್, ವರಸಗಾಂವ್, ಟೇಮಘರ್ ಎಲ್ಲಾ ಕೂಡಿಸಿದ್ರೂ 29 ಟಿಎಂಸಿ ಆಸುಪಾಸು. 35 ಸಾವಿರ ಕ್ಯೂಸೆಕ್ ಅಂದ್ರ ದಿನಕ್ಕ 3 ಟಿಎಂಸಿ, ಖಾಲಿ ಖಡಕವಾಸಲಾ ಇದ್ರೂ 16 ತಾಸಿನಾಗ ತುಂಬಿ ಹೊರಗ ಬೀಳ್ತದ. (ಹಿಂಗ ಬಿಟ್ಟ ನೀರು ಮುಳಾ-ಮುಠಾ, ಭೀಮಾ, ಉಜನಿ ಹಾದು ವಿಜಯಪುರ, ಕಲಬುರಗಿಗೆ ಹೋಗ್ತದ ಅನ್ನೋದು ಪುಣೆದಾಗ ಯಾರಿಗೂ ನೆನಪಿರೂದಿಲ್ಲ.)

ಅದೇ ಲೆಕ್ಕ ಆಲಮಟ್ಟಿಗೆ ಹಾಕ್ರಿ. 2019ರ ಆಗಸ್ಟಿನಾಗ ಅಲ್ಲಿಂದ 5 ಲಕ್ಷ ಕ್ಯೂಸೆಕ್ ದಾಟಿ ಬಿಟ್ಟಿದ್ರು, ಅಂದ್ರ ದಿನಕ್ಕ 43 ಟಿಎಂಸಿ. ಆಲಮಟ್ಟಿಯ ಪೂರ್ತಿ ಹೊಟ್ಟಿ 123 ಟಿಎಂಸಿ. ಬೇಸಿಗಿಯಂಗ ತಳ ಕಂಡಿದ್ರೂ ಮೂರು ದಿನ ತಡೀತಿರಲಿಲ್ಲ ಅದು. ಇಷ್ಟು ದೊಡ್ಡ ಹೊಳಿಗೆ ಇಷ್ಟು ಡ್ಯಾಮು ಪ್ರವಾಹ ಮಾಡೋದೂ ಕಷ್ಟ, ತಡಿಯೋದೂ ಕಷ್ಟ.

ಇನ್ನ ಮಟ್ಟ. ಆಲಮಟ್ಟಿ ತುಂಬಿದಾಗ ನೀರು ನಿಲ್ಲೋದು ಸಮುದ್ರ ಮಟ್ಟದಿಂದ 519.6 ಮೀಟರಿಗೆ. ಸಾಂಗ್ಲಿ ಊರಿನ ನೆಲ ಸುಮಾರು 550 ಮೀಟರ್. ಹೊಳೀ ದಾರಿಲೆ ಹೋದ್ರ ನಡುವ 200 ಕಿಲೋಮೀಟರಿಗೂ ಹೆಚ್ಚು, ಮಧ್ಯ ನಮ್ಮ ಹಿಪ್ಪರಗಿ ಬ್ಯಾರೇಜ್, ಅದರ ಮ್ಯಾಲ ಮಹಾರಾಷ್ಟ್ರದ್ದೇ ರಾಜಾಪುರ ಬಂಧಾರ. ಇಳಿಜಾರು ಲೆಕ್ಕ ಹಾಕಿದ್ರ ಕಿಲೋಮೀಟರಿಗೆ ಒಂದು ಗೇಣೂ ಬರೂದಿಲ್ಲ. ಇಷ್ಟು ಸಪಾಟ ಇರೋದಕ್ಕನ ಹಿನ್ನೀರು ದೂರತನ ಹೋಗ್ತದ ಅನ್ನೋ ವಾದ ಹುಟ್ಟಿದ್ದು, ಅದು ಹುಚ್ಚು ವಾದ ಅಲ್ಲ, ಕೇಳಬೇಕಾದ ಪ್ರಶ್ನೆನೇ. ಆದ್ರ ಹಿನ್ನೀರಿಗೂ ಒಂದು ಅಳತಿ ಅದ. ಕಬ್ಬಿನ ಹೊಲದಾಗ ಸಾಲಿನ ಕೊನೀಗೆ ಮಣ್ಣು ಹಾಕಿ ಕಟ್ಟಿದ್ರ ನೀರು ಹಿಂದ ಹ್ಯಾಂಗ ಏರ್ತದ ನೋಡೀರಲ್ಲ: ಕಟ್ಟಿದ ಜಾಗದ ಹತ್ರ ಪೂರ್ತಿ, ಹಿಂದ ಹಿಂದ ಹೋದಂಗ ಕಮ್ಮಿ, ಒಂದು ಹಂತ ದಾಟಿದ ಮ್ಯಾಲ ಮ್ಯಾಲಿಂದ ಬರೋ ನೀರಿಗೆ ಕೆಳಗ ಕಟ್ಟಿದ್ದು ಗೊತ್ತೂ ಆಗೂದಿಲ್ಲ. ಹೊಳಿಯೊಳಗೂ ಅದೇ. ಮತ್ತ ಮಂದಿ ತಿಳ್ಕೊಂಡಿದ್ದಕ್ಕ ಉಲ್ಟಾ, ಹೊಳಿ ಜೋರು ಬಂದಾಗ ಕೆಳಗಿನ ಡ್ಯಾಮಿನ ಪ್ರಭಾವ ಹಿಂದಕ್ಕ ಕಮ್ಮಿ ದೂರ ಮುಟ್ತದ, ಯಾಕಂದ್ರ ಆಗ ಹೊಳಿಯ ಸ್ವಂತ ಆಳನೇ ಅಷ್ಟು ಏರಿರ್ತದ.

ಇದನ್ನ ಪರೀಕ್ಷೆ ಮಾಡಾಕ ಕಂಪ್ಯೂಟರ್ ಮಾಡೆಲ್ ಬ್ಯಾಡ. ಆಲಮಟ್ಟಿ ಪೂರ್ತಿ ತುಂಬಿ ನಿಲ್ಲೋದು ಮಳಿಗಾಲ ಮುಗಿಯೋ ಹೊತ್ತಿಗೆ, ಮುಂದ ಚಳಿಗಾಲದತನ ತುಂಬೇ ಇರ್ತದ. ಆ ಹೊತ್ತಿನಾಗ ಸಾಂಗ್ಲಿಯ ಆಯರ್ವಿನ್ ಪೂಲ್ ಕೆಳಗ ಹೊಳಿ ತಣ್ಣಗ ತಳದಾಗ ಹರೀತಿರ್ತದ. ಕೆಳಗಿನ ಡ್ಯಾಮಿನ ಮಟ್ಟನೇ ಸಾಂಗ್ಲಿಯ ನೀರು ಎತ್ತೋದಿದ್ರ ದೀಪಾವಳಿಗೂ ಎತ್ತಬೇಕಿತ್ತಲ್ಲ? ಇನ್ನೊಂದು, ತಾಸು-ದಿನದ ಲೆಕ್ಕ ನೋಡ್ರಿ. ಮ್ಯಾಲಿನ ಕೊಯ್ನಾ, ವಾರಣಾ ಡ್ಯಾಮಿನ ಗೇಟ್ ಎತ್ತಿ ಒಂದು ದಿನದ ಆಸುಪಾಸಿಗೆ ಆಯರ್ವಿನ್ ಪೂಲಿನ ಮಾಪಕ ಏರ್ತದ, ಅದಾಗಿ ಒಂದೆರಡು ದಿನಕ್ಕ ಆಲಮಟ್ಟಿಯ ಒಳಹರಿವು ಏರ್ತದ. ದಿನಾ ಎರಡೂ ಕಡೆಯ ಅಂಕಿ ಪೇಪರಿನಾಗ ಬರ್ತಾವ, ಒಂದು ಮಳಿಗಾಲ ಬರಕೊಂಡು ಇಡ್ರಿ, ನಿಮ್ಮ ಗೆಳೆಯರಿಗೂ ಬರಿಯಾಕ ಹೇಳ್ರಿ.

ಹಂಗಂತ ಸಾಂಗ್ಲಿಯವ್ರು ಸುಳ್ಳು ಹೇಳ್ತಾರ ಅಂತಲ್ಲ. ಆಯರ್ವಿನ್ ಪೂಲಿನಾಗ 45 ಅಡಿ ಅಂದ್ರ ಅಪಾಯದ ಮಟ್ಟ, 2019ರಾಗ ಅದು 57 ಅಡಿ ದಾಟಿತ್ತು. ಸೂರ್ಯವಂಶಿ ಪ್ಲಾಟಿನಂಥ ತಗ್ಗಿನ ವಸ್ತಿ ಬಿಡ್ರಿ, ಪ್ಯಾಟಿ ನಡುವ ದೋಣಿ ಓಡಾಡಿದ್ವು. ಅವರ ದೊಡ್ಡ ಸಂಕಟ ನೀರು ಏರಿದ್ದಲ್ಲ, ಏರಿದ್ದು ಇಳೀಲಿಲ್ಲ ಅನ್ನೋದು. ದಿನಗಟ್ಟಲೆ ನೀರು ನಿಂತಲ್ಲೇ ನಿಂತಿದ್ದು ಕಣ್ಣಾರೆ ಕಂಡವ್ರಿಗೆ ಕೆಳಗ ಯಾರೋ ಬಾಗಿಲಾ ಹಾಕ್ಯಾರ ಅಂತ ಅನಸೋದು ಸಹಜ. ಬಾಗಿಲಾ ಹಾಕಿದ್ದು ಖರೆ, ಹಾಕಿದ್ದು ಆಲಮಟ್ಟಿ ಅಲ್ಲ.

ನರಸೋಬಾವಾಡಿಗೆ ಹೋಗಿದ್ರ ನಿಮಗ ಗೊತ್ತಿರ್ತದ, ಕೃಷ್ಣಾ-ಪಂಚಗಂಗಾ ಕೂಡೋ ಜಾಗ ಅದು, ದತ್ತನ ಗುಡಿ ಹೊಳಿಯ ಅಂಚಿಗೇ ಅದ. ಹೊಳಿ ಏರಿದಾಗ ನೀರು ಉತ್ತರದ ಕಡೆಯಿಂದ ಒಳಹೊಕ್ಕು ಪಾದುಕೆ ಮ್ಯಾಲ ಹಾದು ದಕ್ಷಿಣದ ಬಾಗಿಲಿಂದ ಹೊರಗ ಬೀಳ್ತದ, ಆ ನೀರಿನಾಗ ಸ್ನಾನ ಮಾಡಬೇಕಂತ ಮಂದಿ ಮುಗಿಬೀಳ್ತಾರ, ದಕ್ಷಿಣದ್ವಾರ ಅಂತಾರ ಅದಕ್ಕ, ಬೆಳಗಾವಿ-ಚಿಕ್ಕೋಡಿ ಕಡೆಯವ್ರೂ ಹೋಗ್ತಾರ. ನೀರು ಇನ್ನೂ ಏರಿದ್ರ ಉತ್ಸವ ಮೂರ್ತಿ ಎತ್ಕೊಂಡು ಮ್ಯಾಲ ಹೋಗೋದು. ಈ ಪದ್ಧತಿ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವ್ರು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದಕ್ಕಿಂತ ಭಾಳ ಹಳೇದು. ಯಾಕಾಗ್ತದ ಹಿಂಗ? ಕೃಷ್ಣಾ ಎತ್ತರ ಇದ್ದಾಗ ಪಂಚಗಂಗಾಕ್ಕ ಒಳಗ ಬರಾಕ ಜಾಗ ಸಿಗೂದಿಲ್ಲ, ಅದು ಹಿಂದಕ್ಕ ಒತ್ಕೊಂಡು ಶಿರೋಳ, ಇಚಲಕರಂಜಿ ಕಡೆ ಹರಡಿ ಕೂತು ಬಿಡ್ತದ, ಕೊಲ್ಹಾಪುರದ ನೀರೂ ಇಳಿಯಾಕ ತಡಾ ಆಗ್ತದ. ಸಾಂಗ್ಲಿ ಹತ್ರ ಹರಿಪುರದಾಗ ವಾರಣಾ ಬಂದು ಕೂಡ್ತದ, ಅಲ್ಲೂ ಅದೇ ಕಥಿ. ಇದೂ ಹಿನ್ನೀರೇ, ಖರೇ ಹಿನ್ನೀರು, ಒಂದು ಹೊಳಿ ಇನ್ನೊಂದು ಹೊಳಿಗೆ ಹಾಕಿದ ಬಾಗಿಲಾ. ಇದರ ಮ್ಯಾಲ ಮನುಷ್ಯ ಹಾಕಿದ್ದು ಬ್ಯಾರೆ. ಮಹಾರಾಷ್ಟ್ರದಾಗ ನದಿ ದಂಡಿಗೆ ನೀಲಿ ಗೆರಿ, ಕೆಂಪು ಗೆರಿ ಅಂತ ಹಾಕ್ತಾರ, ನೀಲಿ ಅಂದ್ರ 25 ವರ್ಷಕ್ಕೊಮ್ಮೆ ಬರೋ ನೆರೆಯ ಗುರುತು, ಕೆಂಪು ಅಂದ್ರ 100 ವರ್ಷಕ್ಕೊಮ್ಮೆ ಬರೋದು. ಆ ಗೆರಿ ಒಳಗೇ ಪ್ಲಾಟ್ ಬಿದ್ದಾವ, ಹೊಳಿ ದಾಟೋ ರಸ್ತಾಗಳನ್ನ ಎರಡೂ ಕಡೆ ಮಣ್ಣು ಏರಿಸಿ ಕಟ್ಯಾರ, ಸೇತುವೆ ಕಂಡಿ ಬಿಟ್ರ ಉಳಿದದ್ದೆಲ್ಲಾ ಒಡ್ಡು. ಇದು ನಮ್ಮ ಕಡೆ ಅಥಣಿ, ರಾಯಬಾಗ, ಕುಡಚಿ ಸುತ್ತಮುತ್ತನೂ ಅಷ್ಟ, ಬರೀ ಅವರನ್ನ ಬೈಯೋದ್ರಾಗ ಅರ್ಥ ಇಲ್ಲ.

ಮಳಿದ್ದೂ ಒಂದು ಮಾತು ಹೇಳಬೇಕು. 2021ರ ಜುಲೈ 22ರ ಸುಮಾರಿಗೆ ಮಹಾಬಳೇಶ್ವರದಾಗ ಒಂದೇ ದಿನ 590 ಮಿಲಿಮೀಟರ್ ಮ್ಯಾಲ ಬಿತ್ತು. ನಮ್ಮ ವಿಜಯಪುರಕ್ಕ ಹೆಚ್ಚುಕಮ್ಮಿ ಇಡೀ ವರ್ಷ ಬೀಳೋ ಮಳಿ ಅದು. ಇಂಥ ಮಳಿ ಡ್ಯಾಮಿನ ಮ್ಯಾಲ ಅಷ್ಟ ಬೀಳೂದಿಲ್ಲ, ಡ್ಯಾಮಿನ ಕೆಳಗೂ ಬೀಳ್ತದ, ಕರಾಡ, ಶಿರಾಳಾ, ಪನ್ಹಾಳಾ ಕಡೆಯ ಹಳ್ಳಗಳಿಂದ ಸೀದಾ ಹೊಳಿಗೆ ಬರ್ತದ, ಅದನ್ನ ತಡಿಯಾಕ ಯಾವ ಗೇಟೂ ಇಲ್ಲ.

2019ರ ಪ್ರವಾಹ ಆದ ಮ್ಯಾಲ ಮಹಾರಾಷ್ಟ್ರ ಸರ್ಕಾರನೇ ನಿವೃತ್ತ ನೀರಾವರಿ ಅಧಿಕಾರಿ ನಂದಕುಮಾರ್ ವಡನೇರೆಯವ್ರ ಸಮಿತಿ ಮಾಡ್ತು, 2020ರಾಗ ವರದಿ ಬಂತು. ಆಲಮಟ್ಟಿ ಕಾರಣ ಅಲ್ಲ, ವಿಪರೀತ ಮಳಿ, ನದಿಪಾತ್ರದ ಒತ್ತುವರಿ ಇವೇ ಕಾರಣ ಅನ್ನೋದು ಅದರ ಸಾರ. ಗೆಳೆಯರ ಜೊತಿ ಮಾತಾಡೋವಾಗ ಕರ್ನಾಟಕದ ಮಂತ್ರಿ ಹೇಳಿದ್ದು ಎತ್ತಬ್ಯಾಡ್ರಿ, ವಡನೇರೆ ವರದಿ ಎತ್ರಿ. ಆದ್ರ ವರದಿ ಬಂದ ಮ್ಯಾಲೂ ಭಾಷಣ ನಿಂತಿಲ್ಲ, ಯಾಕಂದ್ರ ಒತ್ತುವರಿ ತೆಗಿಬೇಕಂದ್ರ ಸ್ವಂತ ಮತದಾರರ ಮನಿ ಮುಂದ ಜೆಸಿಬಿ ನಿಲ್ಲಸಬೇಕು, ಆಲಮಟ್ಟಿಯನ್ನ ಬೈಯಾಕ ಅದೇನೂ ಬೇಕಾಗಿಲ್ಲ. ನಾವೂ ಏನು ಸಾಚಾ ಅಲ್ಲ, ಭೀಮಾ ತುಂಬಿ ಬಂದ ಕೂಡಲೇ ಅಫಜಲಪುರದಾಗ "ಉಜನಿಯವ್ರು ಹೇಳ್ದ ಕೇಳ್ದ ಬಿಟ್ರು" ಅಂತ ಶುರು ಆಗ್ತದ.

ಈಗ ಕೊಯ್ನಾ. ಹಿಡ್ಕೊಂಡು ಕೂಡಬಾರದೇನು ಅಂದ್ರಿ. ಹಿಡ್ಕೊಂಡೇ ಕೂತಿರ್ತಾರ, ಅದೇ ತೊಂದ್ರಿ. 105 ಟಿಎಂಸಿ ಡ್ಯಾಮ್, 103 ಮೀಟರ್ ಎತ್ತರ, ಆದ್ರ ಕಟ್ಟಿದ್ದು ಪ್ರವಾಹ ತಡಿಯಾಕಲ್ಲ, ಕರೆಂಟಿಗೆ. ನೀರನ್ನ ಸುರಂಗದಾಗ ಹಾಯಿಸಿ ಸಹ್ಯಾದ್ರಿಯ ಆ ಕಡೆ ಪೋಫಳಿಗೆ ಇಳಿಸಿ 1,900 ಮೆಗಾವ್ಯಾಟಿಗೂ ಮ್ಯಾಲ ಕರೆಂಟ್ ತಗೀತಾರ, ಆ ನೀರು ವಾಶಿಷ್ಠಿಗೆ ಬಿದ್ದು ಅರಬ್ಬೀ ಸಮುದ್ರ ಸೇರ್ತದ. ಕೃಷ್ಣಾ ನೀರು ಹಂಚಿದ ಬಚಾವತ್ ಟ್ರಿಬ್ಯುನಲ್ ಇದಕ್ಕ ವರ್ಷಕ್ಕ 67.5 ಟಿಎಂಸಿ ಅಂತ ಮಿತಿ ಹಾಕೇದ. ವೀಕೆಂಡಿಗೆ ನೀವು ಸುತ್ತಾಕ ಹೋಗೋ ಮುಳಶಿ, ಲೋಣಾವಳಾದ ಟಾಟಾ ಡ್ಯಾಮುಗಳೂ ಇದೇ ಕೆಲಸ ಮಾಡ್ತಾವ, ಭೀಮಾಕ್ಕ ಹೋಗಬೇಕಾದ ನೀರು ಘಟ್ಟದ ಕೆಳಗ ಇಳೀತದ, 1921ರಾಗ ಮುಳಶಿಯ ರೈತರು ಸೇನಾಪತಿ ಬಾಪಟರ ಜೊತಿ ಸತ್ಯಾಗ್ರಹಕ್ಕ ಕೂತಿದ್ದು ಆ ಡ್ಯಾಮಿನ ವಿರುದ್ಧನೇ. ಅಂದ್ರ ಕೊಯ್ನಾ ನೋಡ್ಕೊಳ್ಳೋ ಎಂಜಿನಿಯರಿಗೆ ಕೊಟ್ಟಿರೋ ಕೆಲಸ ಏನಪಾ ಅಂದ್ರ ಮಳಿಗಾಲ ಮುಗಿಯೋದ್ರಾಗ ತುಂಬಿಸಿಡು ಅಂತ. ಆಗಸ್ಟ್ ಮೊದಲ ವಾರ ನೂರಕ್ಕ ಎಂಬತ್ತು ತುಂಬೇದ ಅನ್ಕೊಳ್ರಿ, ಹವಾಮಾನ ಇಲಾಖೆ ಭಾರೀ ಮಳಿ ಅಂತ ಹೇಳೇದ. ಅವ ಧೈರ್ಯ ಮಾಡಿ 20 ಟಿಎಂಸಿ ಬಿಟ್ಟ, ಮಳಿ ಬರಲಿಲ್ಲ, ಮುಂದ ಏಪ್ರಿಲದಾಗ ಕರೆಂಟಿಲ್ಲ, ಟೆಂಭೂ, ತಾಕಾರಿ, ಮ್ಹೈಸಾಳ ಏತ ನೀರಾವರಿಗಳಿಗೆ ನೀರಿಲ್ಲ, ಆಗ ವಿಧಾನಸಭಾದಾಗ ಅವನ ಹೆಸರು ಬರ್ತದ. ಬಿಡಲಿಲ್ಲ, ಮಳಿ ಬಂತು, ಸಾಂಗ್ಲಿ ಮುಳುಗಿತು, ಆಗ ದೇವರ ಹೆಸರು ಬರ್ತದ. ನೀವಿದ್ರ ಏನು ಮಾಡ್ತಿದ್ರಿ? ಕೊಯ್ನಾದ ಬುಡದಾಗಿರೋ ಪವರ್‌ಹೌಸಿನಿಂದ ಹೊಳಿಗೆ ಹೋಗೋದು ಬರೀ 2,100 ಕ್ಯೂಸೆಕ್, ಅಲ್ಲಿಂದ ಮೆಲ್ಲಗ ಖಾಲಿ ಮಾಡ್ತೀನಂದ್ರ ದಿನಕ್ಕ ಟಿಎಂಸಿಯ ಐದನೇ ಒಂದು ಪಾಲೂ ಹೋಗೂದಿಲ್ಲ. ಕಡೀಗೆ ಗೇಟೇ ಎತ್ತಬೇಕು, ಅದನ್ನ ಕಡೀ ಗಳಿಗಿಯೊಳಗ ಎತ್ತಿದ್ರ ಹತ್ತಾರು ಸಾವಿರ ಕ್ಯೂಸೆಕ್ ಒಮ್ಮೆಲೇ.

ಆಲಮಟ್ಟಿದೂ ಇದೇ ಹಣೆಬರಹ. ಮಳಿಗಾಲದ ನಡುವ ಮಟ್ಟ ಕೆಳಗಿಡ್ರಿ ಅಂತ ಸಾಂಗ್ಲಿಯವ್ರು ಕೇಳ್ತಾರ, ಇಡಬೇಕು ಅಂತ ನನ್ನ ಅಭಿಪ್ರಾಯನೂ ಹೌದು, ಆದ್ರ ಸಾಂಗ್ಲಿಗಾಗಿ ಅಲ್ಲ. ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟು ಜಾಗ ಮಾಡ್ಕೊಂಡ್ರ ನಾರಾಯಣಪುರದ ಕೆಳಗ ಲಿಂಗಸೂಗೂರಿನ ಶೀಲಹಳ್ಳಿ ಸೇತುವೆ, ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗೋದು ಒಂದಿಷ್ಟು ತಾಸಾದ್ರೂ ತಡಾ ಆಗ್ತದ, ನಡುಗಡ್ಡಿಯ ಮಂದಿಗೆ ದನ-ಕರ ಹೊಡ್ಕೊಂಡು ಹೊರಗ ಬರಾಕ ಟೈಮ್ ಸಿಗ್ತದ. ಇದು ಪೂರ್ತಿ ನಮ್ಮದೇ ಕೈಯಾಗಿನ ಕೆಲಸ, ಯಾವ ಟ್ರಿಬ್ಯುನಲ್ಲೂ ಅಡ್ಡ ಬರೂದಿಲ್ಲ.

524ರ ಮಾತಿಗೆ ಬರೋಣ. 2010ರ ಡಿಸೆಂಬರದಾಗ ಬ್ರಿಜೇಶ್ ಕುಮಾರ್ ಟ್ರಿಬ್ಯುನಲ್ ಆಲಮಟ್ಟಿಯನ್ನ 524.256 ಮೀಟರಿಗೆ ಏರಿಸಾಕ ಒಪ್ಪಿಗಿ ಕೊಟ್ಟಿತು, ಈಗಿನದ್ದಕ್ಕಿಂತ ನಾಲ್ಕೂವರಿ ಮೀಟರ್ ಮ್ಯಾಲ, ಹದಿನೈದು ಅಡಿ. ಅದರಿಂದ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕ 130 ಟಿಎಂಸಿ ಬಳಸ್ಕೋಬಹುದು. ಆದ್ರ ತೀರ್ಪು ಗೆಜೆಟ್‌ನಾಗ ಬರಬೇಕು, 2011ರಿಂದ ಸುಪ್ರೀಂ ಕೋರ್ಟ್ ಅದನ್ನ ತಡದದ, ತಡಿ ತಂದವ್ರು ಸಾಂಗ್ಲಿಯವ್ರಲ್ಲ, ಆಂಧ್ರದವ್ರು. ಅವರ ಹೆದರಿಕಿ ಪೂರ್ತಿ ಉಲ್ಟಾ: ಮಹಾರಾಷ್ಟ್ರ ನೀರು ನಮ್ಮಲ್ಲೇ ನಿಲ್ತದ ಅಂತ ಅಂಜಿದ್ರ ಆಂಧ್ರ-ತೆಲಂಗಾಣ ನೀರು ನಮ್ಮತನ ಬರೂದೇ ಇಲ್ಲ ಅಂತ ಅಂಜ್ತಾವ. 2025ರಾಗ ಮಹಾರಾಷ್ಟ್ರದ ಮುಖ್ಯಮಂತ್ರಿ ಫಡ್ನವೀಸ್ ಅವ್ರು ಎತ್ತರಿಸೋದು ಬ್ಯಾಡ ಅಂತ ಪತ್ರ ಬರದ್ರು, ಅದೇ ವರ್ಷ ಸಪ್ಟೆಂಬರದಾಗ ಕರ್ನಾಟಕದ ಸಂಪುಟ ಮುಳುಗಡಿ ಜಮೀನಿಗೆ ದರ ಗೊತ್ತು ಮಾಡ್ತು, ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕ 30 ಲಕ್ಷ. ಮುಳುಗೋದು 75 ಸಾವಿರ ಎಕರೆಗೂ ಹೆಚ್ಚು.

524ರಾಗ ಸಾಂಗ್ಲಿಗೆ ಏನಾಗ್ತದ? ನೀರಿನ ಲೆಕ್ಕ ಅಷ್ಟ ನೋಡಿದ್ರ ನನ್ನ ಪ್ರಕಾರ ಭಾಳ ಏನಿಲ್ಲ. ಹೂಳಿನ ಲೆಕ್ಕ ಬ್ಯಾರೆ, ಇಲ್ಲಿ ನಮ್ಮವ್ರು ಬಾಯಿ ಬಿಡೂದಿಲ್ಲ. ಹೊಳಿ ನಿಂತ ನೀರಿಗೆ ಬಂದು ಸೇರೋ ಜಾಗದಾಗ ವೇಗ ಕಳ್ಕೋತದ, ಉಸುಕು-ಮಣ್ಣು ಅಲ್ಲೇ ಕೆಳಗ ಬೀಳ್ತದ, ವರ್ಷ ವರ್ಷ ಆ ದಿಬ್ಬ ಹಿಂದಕ್ಕ ಹಿಂದಕ್ಕ ಬೆಳೀತದ, ಅದರ ಮ್ಯಾಲ ಹರಿಯೋ ಪ್ರವಾಹದ ಮಟ್ಟನೂ ಅಷ್ಟು ಏರ್ತದ. ಮಟ್ಟ ಹದಿನೈದು ಅಡಿ ಏರಿಸಿದ್ರ ಆ ಜಾಗ ಮ್ಯಾಲಕ್ಕ ಸರೀತದ, ಜಮಖಂಡಿ, ರಬಕವಿ-ಬನಹಟ್ಟಿ, ಹಿಪ್ಪರಗಿ ಕಡೆ. ಇದು ಒಂದೆರಡು ವರ್ಷದಾಗ ಕಾಣೂದಿಲ್ಲ, ಮೂವತ್ತು-ನಲವತ್ತು ವರ್ಷಕ್ಕ ಕಾಣ್ತದ. ಹಂಗಾಗಿ ಅಭ್ಯಾಸ ಮಾಡ್ರಿ ಅಂತ ಮಹಾರಾಷ್ಟ್ರ ಕೇಳಿದ್ರ ತಪ್ಪಿಲ್ಲ. ತಪ್ಪು ಏನಂದ್ರ ಎರಡೂ ಸರ್ಕಾರ ಬ್ಯಾರೆ ಬ್ಯಾರೆ ಅಭ್ಯಾಸ ಮಾಡಸ್ತಾವ, ಬ್ಯಾರೆ ಬ್ಯಾರೆ ವರ್ಷ ಅಳದ ನದಿಪಾತ್ರ ಹಾಕ್ತಾವ, ಆಮೇಲೆ ಇವರದ್ದು ಅವರು ಒಪ್ಪೂದಿಲ್ಲ. ಕರಾಡದಿಂದ ನಾರಾಯಣಪುರತನ ಒಂದೇ ಬೇಸಿಗಿಯೊಳಗ ಹೊಳಿಯ ತಳ ಅಳೀರಿ, ಎರಡೂ ಕಡೆಯ ಎಂಜಿನಿಯರ್ ಕೂಡಿ ಅಳೀಲಿ, ಆ ಡೇಟಾ ಎಲ್ಲರಿಗೂ ಕಾಣೋ ಹಂಗ ಇಡ್ರಿ, ಮಾಡೆಲ್ ಯಾರು ಬೇಕಾದ್ರೂ ಓಡಸ್ಲಿ. ಇದೇ ಪುಣೆದ ಖಡಕವಾಸಲಾದಾಗ 1916ರಾಗ ಶುರು ಆದ ಕೇಂದ್ರದ ಜಲ ಸಂಶೋಧನಾ ಕೇಂದ್ರ ಅದ, ಮಾಡಾಕ ಬರೋ ಮಂದಿ ಇದ್ದಾರ. ಬೇಕಾದ್ದು ಎರಡು ಸಹಿ ಅಷ್ಟ.

ಆ ಸಹಿ ಯಾಕ ಬೀಳೂದಿಲ್ಲ ಅಂದ್ರ ನಮ್ಮ ಕಾನೂನಿನಾಗ ಅದನ್ನ ಹಾಕಿಸೋ ಜಾಗನೇ ಇಲ್ಲ. ಬಚಾವತ್ ಟ್ರಿಬ್ಯುನಲ್ 1973ರಾಗ ಕೃಷ್ಣಾದಾಗ 2,060 ಟಿಎಂಸಿ ಅದ ಅಂತ ಹೇಳಿ ಮಹಾರಾಷ್ಟ್ರಕ್ಕ 560, ನಮಗ 700, ಆಂಧ್ರಕ್ಕ 800 ಅಂತ ಹಂಚಿತು. ನೂರು ವರ್ಷದಾಗ 75 ವರ್ಷ ಸಿಕ್ಕೇ ಸಿಗೋ ನೀರಿನ ಲೆಕ್ಕ ಅದು. ಅಂದ್ರ ಹಂಚಿದ್ದು ವರ್ಷದ ಬಳಕೆ. ಜುಲೈ 25ರ ರಾತ್ರಿ ಎರಡಕ್ಕ ಯಾರು ಯಾವ ಗೇಟ್ ಎಷ್ಟು ಎತ್ತಬೇಕು, ಮುಂದಿನವ್ರಿಗೆ ಎಷ್ಟು ತಾಸು ಮೊದಲು ಹೇಳಬೇಕು, ಪ್ರವಾಹಕ್ಕಂತ ಎಷ್ಟು ಜಾಗ ಖಾಲಿ ಇಟ್ಟು ಅದರ ನಷ್ಟ ಯಾರು ಹೊರಬೇಕು, ಇವು ಹಂಚಿಕಿಯೊಳಗ ಬರೂದಿಲ್ಲ. ನದಿ ಮಂಡಳಿ ಕಾಯ್ದೆ ಅಂತ 1956ರಾಗೇ ಮಾಡಿಟ್ಟಾರ, ಅದರ ಕೆಳಗ ಇವತ್ತಿನತನ ಒಂದೂ ಮಂಡಳಿ ಆಗಿಲ್ಲ. 2019 ಆದ ಮ್ಯಾಲ ಸ್ವಲ್ಪ ಬುದ್ಧಿ ಬಂತು, 2021ರ ಜೂನ್‌ದಾಗ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ್ ಪಾಟೀಲರು ಬೆಂಗಳೂರಿಗೆ ಬಂದು ಯಡಿಯೂರಪ್ಪನವ್ರ ಜೊತಿ ಮಾತಾಡಿದ್ರು, ಆಮೇಲೆ ಎರಡೂ ಕಡೆಯ ಅಧಿಕಾರಿಗಳ ನಡುವ ಫೋನ್ ಓಡಾಡಾಕತ್ತಾವ. ಆದ್ರ ಅದು ಮನುಷ್ಯರ ಸಂಬಂಧದ ಮ್ಯಾಲ ನಡಿಯೋದು, ಬರವಣಿಗಿ ಒಪ್ಪಂದದ ಮ್ಯಾಲಲ್ಲ. ಅಧಿಕಾರಿ ಬದಲಾದ್ರ ನಂಬರೂ ಬದಲಾಗ್ತದ.

ಬೇಸಿಗಿಗೆ ಇದೇ ಹೊಳಿಯೊಳಗ ಕಥಿ ತಿರುಗ್ತದ, ನಾವು ಕೈ ಒಡ್ಡೋದು. 2025ರ ಮಾರ್ಚ್ ಕೊನೀಗೆ ಸಿದ್ದರಾಮಯ್ಯನವ್ರು ವಾರಣಾ ಅಥವಾ ಕೊಯ್ನಾದಿಂದ ಕೃಷ್ಣಾಕ್ಕ 2 ಟಿಎಂಸಿ, ಉಜನಿಯಿಂದ ಭೀಮಾಕ್ಕ 1 ಟಿಎಂಸಿ ಬಿಡ್ರಿ ಅಂತ ಪತ್ರ ಬರದಿದ್ರು, ಇಂಥ ಪತ್ರ ಹೆಚ್ಚುಕಮ್ಮಿ ಪ್ರತಿ ಬೇಸಿಗಿಗೂ ಹೋಗ್ತಾವ. ನಿಮ್ಮ ಕಡೆಯವ್ರಿಗೆ ಹೇಳೋದೇ ಬೇಕಾಗಿಲ್ಲ, ಸರ್ಕಾರ ಕಟ್ಟೂದಿಲ್ಲ ಅಂತ ರೈತರೇ ರೊಕ್ಕ ಕೂಡಿಸಿ 1989ರಾಗ ಸಿದ್ದು ನ್ಯಾಮಗೌಡ್ರ ಮುಂದಾಳತ್ವದಾಗ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ದು ಈ ಬೇಸಿಗಿಯ ಸಲುವಾಗೇ. ಆ ಕಡೆ ಸಾಂಗ್ಲಿ ಜಿಲ್ಲಾದ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಗೆ ಮಹಾರಾಷ್ಟ್ರದ ಕಾಲುವಿ ಮುಟ್ಟೋದು ಕಷ್ಟ, ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿ ಹತ್ರ ಅದ. ಬೇಸಿಗಿಗೆ ನೀವು ಕೊಯ್ನಾದಿಂದ ಕೊಡ್ರಿ, ನಾವು ಜತ್ತಕ್ಕ ಕೊಡ್ತೀವಿ ಅನ್ನೋ ಮಾತು ಬಹಳ ವರ್ಷದಿಂದ ನಡದದ. 2022ರ ಡಿಸೆಂಬರದಾಗ ಗಡಿ ಗದ್ದಲದ ನಡುವ ಆ ಕಾಲುವಿ ನೀರು ಜತ್ತದ ಹಳ್ಳಿಗೆ ಹರಿದಾಗ ಅದನ್ನ ನೀರು ಅಂತ ಯಾರೂ ನೋಡಲಿಲ್ಲ, ಎರಡೂ ಕಡೆ ಧ್ವಜದಂಗ ನೋಡಿದ್ರು. ನನಗ ಕೇಳಿದ್ರ ಪ್ರವಾಹದ ಒಪ್ಪಂದಕ್ಕ ದಾರಿ ಇಲ್ಲೇ ಅದ, ಬೇಸಿಗಿ ನೀರು ನಮಗ ಬೇಕು, ಮಳಿಗಾಲದ ಭರವಸಿ ಅವರಿಗೆ ಬೇಕು, ಎರಡನ್ನೂ ಒಂದೇ ಕಾಗದದ ಮ್ಯಾಲ ಬರಿಬಹುದು. ಬ್ಯಾರೆ ಬ್ಯಾರೆ ಬರಿಯಾಕ ಹೋದ್ರ ಒಂದೂ ಆಗೂದಿಲ್ಲ.

ಕೊನೀಗೆ ಅಣ್ಣನವ್ರ ವಿಷಯ. ಅವರ ಹೊಲ 524ರ ಮುಳುಗಡಿಯೊಳಗ ಬರ್ತದೋ ಇಲ್ಲೋ ಅನ್ನೋದನ್ನ ಸರ್ವೇ ನಂಬರ್ ಹಿಡ್ಕೊಂಡು ಬಾಗಲಕೋಟ ನವನಗರದ ಪುನರ್ವಸತಿ ಆಫೀಸಿನಾಗ ವಿಚಾರಿಸಾಕ ಹೇಳ್ರಿ, ಬಾಯಿಮಾತಿನ ಉತ್ತರ ತಗೋಬ್ಯಾಡ್ರಿ, ಬರದು ಕೊಡಾಕ ಹೇಳ್ರಿ, ಕೊಡಲಿಲ್ಲಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಉತಾರದಾಗ ಹೊಲ ನೀರಾವರಿ ಅಂತ ಅದನೋ, ಒಣ ಅಂತ ಅದನೋ ಈಗಲೇ ನೋಡ್ಕೊಳ್ರಿ, ಬೋರು-ಪಂಪಸೆಟ್ ಇದ್ದೂ ಕಾಗದದಾಗ ಒಣ ಅಂತನೇ ಉಳಿದ ಹೊಲ ಹೊಳಿದಂಡಿಗೆ ಬೇಕಾದಷ್ಟು ಅವ, ಎಕರೆಗೆ 10 ಲಕ್ಷದ ಫರಕ್ ಅದು. ಹೊಲ ಗೆರಿಯ ಹೊರಗ ಬಂದು ಮನಿ ಒಳಗ ಬಂದ್ರ, ಅಥವಾ ಹೊಲ ಉಳಿದು ಹೊಲಕ್ಕ ಹೋಗೋ ದಾರಿ ಮುಳುಗಿದ್ರ ಅದಕ್ಕ ಬ್ಯಾರೆ ಅರ್ಜಿ ಕೊಡಬೇಕಾಗ್ತದ, ಅದನ್ನೂ ಅದೇ ಆಫೀಸಿನಾಗ ಕೇಳಿ ಇಟ್ಕೊಳ್ರಿ.